ಗೊತ್ತಿರೋ ಹಾಡಿಗೆ ಕುಣಿತ, ಹೊಸ ಹಾಡಿಗೆ ಮಂಡಕ್ಕಿ ಗಾಡಿ: ರಾಕ್ ಶೋದಲ್ಲಿ ಜನ ಹೀಗೇಕೆ?

ಬಾಸ್_ಪಿಜೆ (ದಾವಣಗೆರೆ)

ನಮ್ಮದು ಐದು ಜನರ ಬ್ಯಾಂಡ್. ಎಲ್ಲರೂ ಊರಿನವರೇ. ಕಾಲೇಜು ಫೆಸ್ಟ್, ಗಣಪತಿ, ರಾಜ್ಯೋತ್ಸವ, ಎಲ್ಲಿ ಕರೆದರೂ ಹೋಗುತ್ತೇವೆ. ಈಚೆಗೆ ಒಂದು ಕಾಲೇಜು ಫೆಸ್ಟ್‌ನಲ್ಲಿ ಆದದ್ದನ್ನು ಹೇಳುತ್ತೇನೆ. ಷರೀಫರ ತತ್ವಪದ ಒಂದಕ್ಕೆ ಡಿಸ್ಟಾರ್ಷನ್ ಗಿಟಾರ್, ಅಂದರೆ ಕರಕರ ಅನ್ನುವ ಒರಟು ಸದ್ದಿನ ಗಿಟಾರ್, ಹಾಕಿ ಹೊಡೆದೆವು. ಮೈದಾನ ಪೂರ್ತಿ ಎದ್ದು ನಿಂತಿತು. ಕುರ್ಚಿ ಬಿಟ್ಟು ಏಳದ ಲೆಕ್ಚರರ್‌ಗಳೂ ತಲೆ ಆಡಿಸಿದರು.

ಅದರ ಬೆನ್ನಿಗೇ ನಮ್ಮ ಸ್ವಂತ ಹಾಡು. ಗಾಯಕ ಮೈಕ್ ಹಿಡಿದು, "ಇದು ನಮ್ಮದೇ ಹೊಸ ಹಾಡು, ದಯವಿಟ್ಟು ಕೇಳಿ" ಅಂದ. ಅಷ್ಟೇ. ಮೊಬೈಲ್ ಲೈಟುಗಳು ಒಂದೊಂದೇ ಆರಿದವು. ಮುಂದಿನ ಸಾಲು ಕೂತಿತು. ಗೇಟಿನ ಹತ್ತಿರ ಮೆಣಸಿನಕಾಯಿ ಮಂಡಕ್ಕಿ ಗಾಡಿ ಮುಂದೆ ಜನ ಜಮಾಯಿಸಿದರು. ಕೆಳಗೆ ಕೂತವರಿಗೆ ಇದೆಲ್ಲ ತಿಳಿಯುವುದಿಲ್ಲ, ಆದರೆ ಸ್ಟೇಜ್ ಮೇಲಿಂದ ಚೆನ್ನಾಗಿ ಕಾಣುತ್ತದೆ. ಮತ್ತೆ ಒಂದು ಹಿಟ್ ಹಾಡು ಶುರು ಮಾಡಿದ ತಕ್ಷಣ ಅದೇ ಜನ ಕೈಯಲ್ಲಿ ಪೊಟ್ಟಣ ಹಿಡಿದೇ ಓಡಿ ಬಂದರು.

ನಮ್ಮ ಹಾಡು ಚೆನ್ನಾಗಿಲ್ಲ ಅಂತಲೋ, ಅಥವಾ ಯಾರೇ ನುಡಿಸಿದರೂ ಜನ ಹೀಗೇನಾ? ದೊಡ್ಡ ಬ್ಯಾಂಡ್‌ಗಳ ಶೋ ನೋಡಿದವರು ಹೇಳಿ. ಸುಮ್ನೆ ಸಮಾಧಾನ ಮಾಡಬೇಡಿ.

ಮಂಡಕ್ಕಿ_ಮೆಟಲ್ (ದಾವಣಗೆರೆ)

ಯಾರೇ ನುಡಿಸಿದರೂ ಹೀಗೇ.

2007ರ ಮಾರ್ಚ್ 17, ಬೆಂಗಳೂರಿನ ಅರಮನೆ ಮೈದಾನ. ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಮೊದಲ ಸಲ ಇಂಡಿಯಾಕ್ಕೆ ಬಂದಿತ್ತು. ಊರಿಂದ ಬಸ್ ಹತ್ತಿ ಹೋದವರಲ್ಲಿ ನಾನೂ ಒಬ್ಬ. ಅವರು ಹಿಂದಿನ ವರ್ಷ ತಾನೇ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಅನ್ನುವ ಆಲ್ಬಂ ಬಿಟ್ಟಿದ್ದರು. 2006ರ ಟೂರ್‌ನಲ್ಲಿ ಆ ಆಲ್ಬಂನ ಹಾಡುಗಳನ್ನು ಮೊದಲಿಂದ ಕೊನೆವರೆಗೆ, ಒಂದೂ ಬಿಡದೆ ನುಡಿಸಿದ್ದರು. 70 ನಿಮಿಷಕ್ಕೂ ಜಾಸ್ತಿ, ಬರೀ ಹೊಸದು. ಹಳೇ ಹಾಡು ಬೇಕು ಅಂತ ಅವರ ಪರಮ ಭಕ್ತರೇ ಗೊಣಗಿದರು. ಬೆಂಗಳೂರಿಗೆ ಬರುವ ಹೊತ್ತಿಗೆ ಹೊಸದನ್ನು ಕಡಿಮೆ ಮಾಡಿ, ಹಳೇದನ್ನು ಸೇರಿಸಿಕೊಂಡಿದ್ದರು. ಅಂದರೆ ಮೂವತ್ತು ವರ್ಷ ಸ್ಟೇಜ್ ಮೇಲೆ ಕಳೆದವರಿಗೂ ಈ ಲೆಕ್ಕಾಚಾರ ತಪ್ಪಿದ್ದಲ್ಲ.

ಅವತ್ತು ನಾನು ಕಂಡದ್ದು ಇಷ್ಟು. ಹೊಸ ಹಾಡಿಗೆ ಮುಂದಿನ ಹತ್ತು ಸಾಲು ಬೆಂಕಿ. ಅವರಿಗೆ ಎಲ್ಲವೂ ಬಾಯಿಪಾಠ. ಅಲ್ಲಿಂದ ಹಿಂದೆ ಇದ್ದವರೆಲ್ಲ ಕೈ ಕಟ್ಟಿ ನಿಂತಿದ್ದರು. ಅವರ ಹಳೇ ಹಾಡು 'ಫಿಯರ್ ಆಫ್ ದಿ ಡಾರ್ಕ್' ಶುರುವಾಯಿತು ನೋಡಿ, ಈ ಸಾಲುಗಳ ವ್ಯತ್ಯಾಸವೇ ಮಾಯ. ಇಲ್ಲಿ ಒಂದು ವಿಷಯ ಗಮನಿಸಿ. ಆ ಹಾಡಿನಲ್ಲಿ ಜನ ಜೋರಾಗಿ ಹಾಡುವುದು ಸಾಹಿತ್ಯವನ್ನಲ್ಲ, ಗಿಟಾರಿನ ಟ್ಯೂನ್ ಅನ್ನು. "ಓ ಓ ಓ" ಅಂತ. 2001ರ ಜನವರಿಯಲ್ಲಿ ರಿಯೋದಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಮಾಡಿದ ರೆಕಾರ್ಡಿಂಗ್ ಇದೆ, ಕೇಳಿ. ಬ್ಯಾಂಡಿಗಿಂತ ಜನರ ದನಿಯೇ ಜೋರು. ಇಂಗ್ಲಿಷ್ ಬಾರದವನಿಗೂ ಅಲ್ಲಿ ಹಾಡಲು ಒಂದು ಜಾಗ ಇದೆ.

ನಿಮ್ಮ ಸ್ವಂತ ಹಾಡಿನಲ್ಲಿ ಕೇಳುವವನಿಗೆ ಅಂಥ ಜಾಗ ಇದೆಯಾ?

ಸಾಲು_ಹತ್ತು (ದಾವಣಗೆರೆ)

ನಾನು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಜನ ಬರುವುದು ಗೊತ್ತಿರುವ ಹಾಡು ಕೇಳಲಿಕ್ಕೆ. ಬೆಣ್ಣೆದೋಸೆ ಹೋಟೆಲಿಗೆ ಹೋದವನಿಗೆ "ಇವತ್ತು ನಮ್ಮ ಹೊಸ ಪಾಸ್ತಾ ತಿನ್ನಿ" ಅಂದರೆ ಹೇಗಿರುತ್ತದೆ?

ದೊಡ್ಡ ಶೋಗಳಲ್ಲಿ ಇನ್ನೂ ಅನ್ಯಾಯ. ದಾವಣಗೆರೆಯಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 260 ಕಿಲೋಮೀಟರ್. ಟಿಕೆಟ್, ಬಸ್, ರೂಮು, ಮರುದಿನ ರಜೆ. ಇಷ್ಟೆಲ್ಲ ಮಾಡಿ ಹೋದರೆ ಅವರು ಹೆಸರು ಕೇಳದ ಹಾಡು ನುಡಿಸುತ್ತಾರೆ. ಬಾಬ್ ಡಿಲನ್ ಹಳೇ ಹಾಡನ್ನೇ ಹಾಡಿದರೂ ಟ್ಯೂನ್ ಎಷ್ಟು ಬದಲಿಸಿರುತ್ತಾರೆ ಅಂದರೆ, ಅರ್ಧ ಹಾಡು ಮುಗಿದ ಮೇಲೆ ಅದು ಯಾವುದು ಅಂತ ಗೊತ್ತಾಗುತ್ತದೆ. ರೇಡಿಯೊಹೆಡ್ ಬ್ಯಾಂಡಿನವರು ತಮಗೆ ಹೆಸರು ತಂದ 'ಕ್ರೀಪ್' ಹಾಡನ್ನೇ ವರ್ಷಗಟ್ಟಲೆ ದೂರ ಇಟ್ಟರು. 2009ರ ನಂತರ ಮತ್ತೆ ನುಡಿಸಿದ್ದು 2016ರಲ್ಲಿ. ಅಮೆರಿಕದ ರಾಕ್ ಬ್ಯಾಂಡ್ ನಿರ್ವಾಣದವರು 1992ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತಮ್ಮ ದೊಡ್ಡ ಹಿಟ್ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಶುರು ಮಾಡುವ ಹಾಗೆ ಮಾಡಿ, ನುಡಿಸದೇ ಹೋದರು. ಇದನ್ನು ಕಲೆ ಅನ್ನುತ್ತೀರೋ, ಕೊಬ್ಬು ಅನ್ನುತ್ತೀರೋ?

ಗಾಳಿಯಂತ್ರ (ಚಿತ್ರದುರ್ಗ)

> ನಿರ್ವಾಣದವರು ... ನುಡಿಸದೇ ಹೋದರು

ಅರ್ಧ ಕತೆ ಹೇಳಿದಿರಿ. ಅವತ್ತು ನಿರ್ವಾಣಕ್ಕಿಂತ ಮುಂಚೆ ಕ್ಯಾಲಮಿಟಿ ಜೇನ್ ಅನ್ನುವ ಹುಡುಗಿಯರ ಬ್ಯಾಂಡ್ ಇತ್ತು. ಜನ ಆ ಹುಡುಗಿಯರಿಗೆ ಬೈದರು, ಸ್ಟೇಜ್ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದರು. ನಿರ್ವಾಣದ ಗಾಯಕ ಕರ್ಟ್ ಕೊಬೈನ್‌ಗೆ ಸಿಟ್ಟು ಬಂತು. ಹಿಟ್ ಹಾಡಿನ ಮೊದಲ ನಾದ ತೋರಿಸಿ, ಕೊಡದೇ ಹೋದದ್ದು ಆ ಸಿಟ್ಟಿನಲ್ಲಿ. ಜನರಿಗೆ ಕೊಟ್ಟ ಶಿಕ್ಷೆ ಅದು. ಅಪರೂಪದ ಹಾಡಿನ ಮೇಲಿನ ಪ್ರೀತಿಗೂ ಅದಕ್ಕೂ ಸಂಬಂಧ ಇಲ್ಲ.

ಹಿಟ್ ಬಿಟ್ಟು ಬೇರೆ ಹಾಡಿಗೇ ಕಾಯುವವರೂ ಇರುತ್ತಾರೆ ಸ್ವಾಮಿ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಶೋಗಳಲ್ಲಿ ಜನ ರಟ್ಟಿನ ಮೇಲೆ ಹಾಡಿನ ಹೆಸರು ಬರೆದು ಎತ್ತಿ ಹಿಡಿಯುತ್ತಾರೆ. ಅವುಗಳಲ್ಲಿ ಎಷ್ಟೋ ಸಲ ಯಾವ ರೇಡಿಯೊದಲ್ಲೂ ಬರದ ಹಾಡುಗಳೇ ಇರುತ್ತವೆ. ಪರ್ಲ್ ಜಾಮ್ ಬ್ಯಾಂಡ್ ಪ್ರತಿ ರಾತ್ರಿ ಹಾಡುಗಳ ಪಟ್ಟಿ ಬದಲಿಸುತ್ತದೆ. ಮೆಟಾಲಿಕಾ 2023ರಲ್ಲಿ ಶುರು ಮಾಡಿದ ಟೂರ್‌ನಲ್ಲಿ ಎಷ್ಟೋ ಊರುಗಳಲ್ಲಿ ಎರಡೆರಡು ರಾತ್ರಿ ನುಡಿಸಿತು, ಮೊದಲ ರಾತ್ರಿಯ ಒಂದು ಹಾಡನ್ನೂ ಎರಡನೇ ರಾತ್ರಿ ನುಡಿಸಲಿಲ್ಲ. ಜನ ಎರಡಕ್ಕೂ ಟಿಕೆಟ್ ತೆಗೆದರು.

ಆದರೆ ಒಂದು ಮಾತು ಒಪ್ಪುತ್ತೇನೆ. ಇದು ಮತ್ತೆ ಮತ್ತೆ ಶೋ ನೋಡಲು ಸಿಗುವ ಊರಿನ ಸುಖ. ಐದನೇ ಸಲ ನೋಡುವವನಿಗೆ ಅಪರೂಪದ ಹಾಡು ಬೇಕು. ಮೆಟಾಲಿಕಾ ಬೆಂಗಳೂರಿಗೆ ಬಂದದ್ದು 2011ರ ಅಕ್ಟೋಬರ್ 30ರಂದು, ಅದೂ ಎರಡು ದಿನ ಮುಂಚೆ ಗುರುಗ್ರಾಮದ ಶೋ ರದ್ದಾದ ಮೇಲೆ. ಅಂಥ ದಿನ "ನನಗೆ ಆಲ್ಬಂನ ಏಳನೇ ಹಾಡು ಬೇಕು" ಅನ್ನುವವನು ಯಾರು? ಇನ್ನೊಮ್ಮೆ ಸಿಗುತ್ತದೋ ಇಲ್ಲವೋ ಅನ್ನುವ ಕಡೆ ಎಲ್ಲರೂ ಹಿಟ್ ಕೇಳುತ್ತಾರೆ. ರುಚಿ ಕಡಿಮೆ ಅಂತಲ್ಲ, ಅವಕಾಶ ಕಡಿಮೆ.

ಹಳೇ_ಕ್ಯಾಸೆಟ್ (ದಾವಣಗೆರೆ)

ಹುಡುಗರೇ, ಈ ಗಲಾಟೆ ರಾಕ್‌ನಿಂದ ಶುರುವಾದದ್ದಲ್ಲ. ನಮ್ಮ ಊರು ಕಂಪನಿ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಆ ಟೆಂಟಿನಲ್ಲಿ ಕೂತವರಿಗೆ "ವನ್ಸ್ ಮೋರ್" ಅಂದರೆ ಏನು ಅಂತ ಗೊತ್ತು. ಮೆಚ್ಚಿದ ರಂಗಗೀತೆ ಮುಗಿಯುವುದೇ ತಡ, ಹಿಂದಿನ ನೆಲದ ಸಾಲಿನಿಂದ ಕೂಗು. ಕತೆ ಅಲ್ಲೇ ನಿಲ್ಲಬೇಕು. ಹಾರ್ಮೋನಿಯಂ ಮಾಸ್ತರು ಮತ್ತೆ ಶ್ರುತಿ ಹಿಡಿಯಬೇಕು. ಸತ್ತು ಬಿದ್ದ ಪಾತ್ರ ಎದ್ದು ಹಾಡಿ ಮತ್ತೆ ಸತ್ತ ಅನ್ನುವ ತಮಾಷೆಯನ್ನು ಎಲ್ಲ ಊರವರೂ ತಮ್ಮೂರಲ್ಲೇ ಆದದ್ದು ಅಂತ ಹೇಳುತ್ತಾರೆ.

ಆದರೆ ಒಂದು ವ್ಯತ್ಯಾಸ ನೋಡಿ. ಕಂಪನಿಯವರು ಒಂದೇ ಊರಲ್ಲಿ ತಿಂಗಳುಗಟ್ಟಲೆ ಟೆಂಟ್ ಹಾಕುತ್ತಿದ್ದರು. ಮೊದಲ ವಾರ ಹಾಡು ಯಾರಿಗೂ ಗೊತ್ತಿರುತ್ತಿರಲಿಲ್ಲ. ಎರಡನೇ ವಾರ ಅದೇ ಜನ ಮತ್ತೆ ಬರುತ್ತಿದ್ದರು. ಮೂರನೇ ವಾರ ಸಂತೆಯಲ್ಲಿ ಬದನೆಕಾಯಿ ಮಾರುವವಳ ಬಾಯಲ್ಲೂ ಅದೇ ಹಾಡು. ಹಾಡು ಹಿಟ್ ಆಗುತ್ತಿದ್ದದ್ದೇ ಆ ಟೆಂಟಿನ ಒಳಗೆ. ನಿಮಗೆ ಸಿಗುವುದು ಒಂದು ಸಂಜೆ, ಒಂದು ಸಲ. ಆ ಒಂದು ಸಲದಲ್ಲೇ ಜನ ಕುಣಿಯಬೇಕು ಅಂದರೆ ಹೇಗೆ?

ಇನ್ನು ನಮ್ಮ ಕಾಲದ ರಾಕ್ ಹುಚ್ಚಿನ ವಿಷಯ. ಆಗ ಇಲ್ಲಿ ಇಂಗ್ಲಿಷ್ ಹಾಡಿನ ರೇಡಿಯೊ ಎಲ್ಲಿತ್ತು? ಕ್ಯಾಸೆಟ್ ಅಂಗಡಿಗೆ ಹೋಗಿ, 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟು ಬರೆಸಿಕೊಳ್ಳುತ್ತಿದ್ದೆವು. ಅಂಗಡಿಯವನು ಕೊನೆಯಲ್ಲಿ ಉಳಿದ ನಾಲ್ಕು ನಿಮಿಷಕ್ಕೆ ತನಗೆ ಇಷ್ಟವಾದ ಯಾವುದೋ ಹಾಡು ತುಂಬಿಸುತ್ತಿದ್ದ. ನಮ್ಮ ಗುಂಪಿಗೆ ಅದೇ ಹಿಟ್! ಅಮೆರಿಕದಲ್ಲಿ ಯಾರೂ ಕೇಳದ ಹಾಡು ಪಿ.ಜೆ. ಬಡಾವಣೆಯ ಮೂರು ಬೀದಿಗಳಲ್ಲಿ ಸೂಪರ್ ಹಿಟ್. 'ಹೋಟೆಲ್ ಕ್ಯಾಲಿಫೋರ್ನಿಯಾ' ಮಾತ್ರ ಎಲ್ಲ ಕ್ಯಾಸೆಟ್‌ನಲ್ಲೂ ಇರುತ್ತಿತ್ತು, ಅದರ ಕಾಟ ಇವತ್ತಿಗೂ ತಪ್ಪಿಲ್ಲ.

ಮಂಡಕ್ಕಿ_ಮೆಟಲ್ (ದಾವಣಗೆರೆ)

ಅಣ್ಣ, ಅದು ನಿಜ. ಅರಮನೆ ಮೈದಾನದಲ್ಲಿ ನನ್ನ ಪಕ್ಕ ಇದ್ದ ಈಶಾನ್ಯದ ಹುಡುಗರಿಗೂ ನಮಗೂ ಹಿಟ್ ಪಟ್ಟಿ ಬೇರೆ ಬೇರೆ ಇತ್ತು. ಅವರು ಕಿರುಚಿದ ಹಾಡಿಗೆ ನಾವು ಮುಖ ಮುಖ ನೋಡಿಕೊಂಡೆವು.

ಸೌಂಡ್_ಅಣ್ಣ (ದಾವಣಗೆರೆ)

ನಾನು ಸ್ಟೇಜ್ ಮೇಲೂ ಇಲ್ಲ, ಮುಂದಿನ ಸಾಲಲ್ಲೂ ಇಲ್ಲ. ಜನರ ಮಧ್ಯೆ ಮಿಕ್ಸರ್ ಇಟ್ಟುಕೊಂಡು ನಿಲ್ಲುವವನು. ಎಷ್ಟೋ ವರ್ಷದಿಂದ ಇದೇ ಕೆಲಸ. ನೀವೆಲ್ಲ ಜನರ ಮನಸ್ಸಿನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಕಿವಿಯ ಬಗ್ಗೆ ಹೇಳುತ್ತೇನೆ.

ಗೊತ್ತಿರುವ ಹಾಡಿಗೆ ಸೌಂಡ್ ಕೆಟ್ಟದಾಗಿದ್ದರೂ ನಡೆಯುತ್ತದೆ. ಗಾಯಕನ ಮೈಕ್ ಅರ್ಧ ನಿಮಿಷ ಸತ್ತರೂ ಜನ ಹಾಡಿಕೊಂಡು ಹೋಗುತ್ತಾರೆ. ತಲೆಯೊಳಗೆ ಹಾಡು ಮೊದಲೇ ಇದೆ. ಸ್ಪೀಕರ್ ಬರೀ ನೆನಪು ಮಾಡಿಕೊಡುತ್ತದೆ. ಹೊಸ ಹಾಡಿಗೆ ಆ ಸೌಲಭ್ಯ ಇಲ್ಲ. ಕೇಳಿಸಿದ್ದಷ್ಟೇ ಹಾಡು. ನಮ್ಮ ಕಡೆಯ ಫೆಸ್ಟ್‌ಗಳಲ್ಲಿ ಏನಾಗುತ್ತದೆ? ಡಿಜೆ ರೂಢಿಯಿಂದ ಕಿಕ್ ಡ್ರಮ್ಮು, ಬಾಸು ಎರಡನ್ನೂ ಎದೆ ನಡುಗುವ ಹಾಗೆ ಏರಿಸಿರುತ್ತಾರೆ. ಮಾತಿನ ವ್ಯಂಜನಗಳು ಸ್ಪಷ್ಟ ಕೇಳುವುದು ಸುಮಾರು 2 ರಿಂದ 4 ಕಿಲೋಹರ್ಟ್ಸ್ ಮಧ್ಯೆ. ಅಲ್ಲಿ ಇಬ್ಬರು ಗಿಟಾರಿನವರು ಡಿಸ್ಟಾರ್ಷನ್ ಹಾಕಿ ಕೂತಿರುತ್ತಾರೆ. ಇನ್ನು ಸಾಹಿತ್ಯ ಎಲ್ಲಿಂದ ಹೊರಗೆ ಬರಬೇಕು?

ಅದರ ಮೇಲೆ ಕಟ್ಟಡ. ಸ್ಟೇಜ್ ಎದುರಿಗೆ 60 ಮೀಟರ್ ದೂರದಲ್ಲಿ ಮೂರಂತಸ್ತಿನ ಕಾಲೇಜು ಬ್ಲಾಕ್ ಇದ್ದರೆ, ಶಬ್ದ ಹೋಗಿ ಗೋಡೆಗೆ ಬಡಿದು ವಾಪಸ್ ಬರಲು ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಸ್ಟೇಜ್ ಹತ್ತಿರ ನಿಂತವನಿಗೆ ಒಂದು ಪದ ಕೇಳುವಷ್ಟರಲ್ಲಿ ಹಿಂದಿನ ಪದ ಬಂದು ಅದರ ಮೇಲೆ ಕೂರುತ್ತದೆ. ಗೊತ್ತಿಲ್ಲದ ಸಾಹಿತ್ಯವನ್ನು ಇದರಲ್ಲಿ ಯಾರು ಹಿಡಿಯುತ್ತಾರೆ?

ಪಿಜೆ, ಅವತ್ತು ನಿಮ್ಮ ಹಾಡಿಗೆ ಜನ ಎದ್ದು ಹೋದರು ಅಂದಿರಲ್ಲ. ಅವರಿಗೆ ಹಾಡು ಇಷ್ಟ ಆಗಲಿಲ್ಲ ಅಂತ ತೀರ್ಮಾನ ಮಾಡುವ ಮುಂಚೆ, ಅವರಿಗೆ ಅದು ಕೇಳಿಸಿತೇ ಅಂತ ಕೇಳಿ. ನಮ್ಮಲ್ಲಿ ಹೊಸ ಹಾಡು ಇದ್ದರೆ ಮೊದಲೇ ಹೇಳಿ ಅಂತ ಬ್ಯಾಂಡ್‌ಗಳಿಗೆ ಗೋಗರೆಯುತ್ತೇನೆ. ಆ ಹಾಡಿಗೆ ಗಿಟಾರ್ ಇಳಿಸಿ, ಕೆಳಗಿನ ಬಾಸ್ ಕತ್ತರಿಸಿ, ಗಾಯಕನನ್ನು ಮುಂದೆ ತರುತ್ತೇನೆ. ಇದಕ್ಕೆ ಗಿಟಾರಿನವರು ಒಪ್ಪಬೇಕಷ್ಟೇ. ಅವರು ಒಪ್ಪುವುದಿಲ್ಲ.

ಬಾಸ್_ಪಿಜೆ (ದಾವಣಗೆರೆ)

ನಾನು ಬಾಸ್ ನುಡಿಸುವವನು ಅಂತ ಗೊತ್ತಿದ್ದೇ ಹೇಳುತ್ತಿದ್ದೀರಿ ಅಲ್ವಾ ಅಣ್ಣ?

ಸರಿ, ಇದು ಹೊಳೆದಿರಲಿಲ್ಲ. ಸೌಂಡ್ ಚೆಕ್‌ನಲ್ಲಿ ನಾವು ನುಡಿಸಿದ್ದು ಹಿಟ್ ಹಾಡನ್ನೇ. ಸ್ವಂತ ಹಾಡಿನ ಬ್ಯಾಲೆನ್ಸ್ ಯಾರೂ ನೋಡಲಿಲ್ಲ.

ಕೋಟೆ_ಕಡೆಯವ (ಚಿತ್ರದುರ್ಗ)

ದುರ್ಗದವರಿಗೆ ಗೋಡೆಗಿಂತ ಗಾಳಿಯದೇ ಚಿಂತೆ. ಬೆಟ್ಟದ ಮೇಲೆ ಸಾಲು ಸಾಲು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಬಯಲಲ್ಲಿ ಸ್ಟೇಜ್ ಹಾಕಿದರೆ ಸಂಜೆ ಗಾಳಿಗೆ ಶಬ್ದ ಒಮ್ಮೆ ಹತ್ತಿರ, ಒಮ್ಮೆ ದೂರ. ಹೊಸ ಹಾಡಿನ ಎರಡು ಸಾಲು ಹೊಳಲ್ಕೆರೆ ರಸ್ತೆಗೆ ಹೋಗಿರುತ್ತವೆ.

ಸಾಲು_ಹತ್ತು ಅವರಿಗೆ ಒಂದು ಪ್ರಶ್ನೆ. ನೀವು ಹಿಟ್ ಹಾಡಿಗೆ ಏನು ಮಾಡುತ್ತೀರಿ? ಕೇಳುತ್ತೀರಾ? ನಾನು ನೋಡಿದ ಮಟ್ಟಿಗೆ ಹಿಟ್ ಹಾಡನ್ನು ಯಾರೂ ಕೇಳುವುದಿಲ್ಲ. ಮೊದಲ ನಾದಕ್ಕೆ "ಹೋ" ಅಂತ ಕಿರುಚುತ್ತಾರೆ. ಫೋನ್ ತೆಗೆಯುತ್ತಾರೆ. ಸ್ನೇಹಿತನ ಕುತ್ತಿಗೆಗೆ ಕೈ ಹಾಕುತ್ತಾರೆ. ಪಲ್ಲವಿಗೆ ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಎರಡನೇ ಚರಣಕ್ಕೆ ಸಾಹಿತ್ಯ ಗೊತ್ತಿರುವುದಿಲ್ಲ, ಗುನುಗುತ್ತಾರೆ. ಸ್ಟೇಜ್ ಮೇಲೆ ಬ್ಯಾಂಡ್ ಬದಲು ಪೆನ್‌ಡ್ರೈವ್ ಇದ್ದರೂ ಅಷ್ಟೇ ಖುಷಿ.

ಅದು ತಪ್ಪು ಅಂತಲ್ಲ, ನಾನೂ ಮಾಡುತ್ತೇನೆ. ಆದರೆ ಗೊತ್ತಿಲ್ಲದ ಹಾಡಿಗೆ ಕೈ ಕಟ್ಟಿ ನಿಂತವನೇ ನಿಜವಾಗಿ ಕೇಳುತ್ತಿರುವವನು. ಅವನ ಮುಖ ನೋಡಿದರೆ ಸಪ್ಪೆ. ತಲೆ ಸ್ವಲ್ಪ ವಾರೆ ಮಾಡಿಕೊಂಡಿರುತ್ತಾನೆ, ಹುಬ್ಬು ಗಂಟು. ಸ್ಟೇಜ್ ಮೇಲಿಂದ ನೋಡಿದವರಿಗೆ ಬೇಜಾರಾಗಿದ್ದಾನೆ ಅನ್ನಿಸುತ್ತದೆ. ಶೋ ಮುಗಿದ ಮೇಲೆ "ಆ ಮೂರನೇ ಹಾಡು ಯಾವುದು ಗುರು?" ಅಂತ ಬಂದು ಕೇಳುವವನು ಅವನೇ. ಕುಣಿದವರು ಯಾರೂ ಬಂದು ಕೇಳುವುದಿಲ್ಲ.

ಸಾಲು_ಹತ್ತು (ದಾವಣಗೆರೆ)

> ಹಿಟ್ ಹಾಡನ್ನು ಯಾರೂ ಕೇಳುವುದಿಲ್ಲ

ಸರಿ, ಕೇಳುವುದಿಲ್ಲ. ಕೇಳಲಿಕ್ಕೆ ಮನೆಯಲ್ಲಿ ಹೆಡ್‌ಫೋನ್ ಇದೆ. ಅಷ್ಟು ಜನ ಒಟ್ಟಿಗೆ ಒಂದೇ ಸಾಲು ಹಾಡುವುದು ಮನೆಯಲ್ಲಿ ಆಗುತ್ತದಾ? ನಾನು ಟಿಕೆಟ್ ಕೊಡುವುದು ಅದಕ್ಕೆ. ಬ್ಯಾಂಡು ನೆಪ ಅಂದರೂ ನನಗೇನೂ ಬೇಜಾರಿಲ್ಲ.

ಇನ್ನೊಂದು, ಕೈ ಕಟ್ಟಿ ನಿಂತವನು ಕೇಳುತ್ತಿರುತ್ತಾನೆ ಅಂದಿರಲ್ಲ. ಪೊಟ್ಟಣ ಕಟ್ಟಿಸಿಕೊಳ್ಳಲು ಹೋದವನೂ ಕೇಳುತ್ತಿದ್ದನಾ? ಎಲ್ಲ ಮೌನಕ್ಕೂ ಒಳ್ಳೆ ಅರ್ಥ ಕೊಡಬೇಡಿ. ಕೆಲವು ಹಾಡು ನಿಜಕ್ಕೂ ಬೋರು.

ಗಾಳಿಯಂತ್ರ (ಚಿತ್ರದುರ್ಗ)

ಈ ಮಾತು ಸರಿಯಾಗಿ ಹೇಳಿದಿರಿ. ನಿಂತವನು ಬೇರೆ, ಹೋದವನು ಬೇರೆ. ಪಿಜೆ, ಮುಂದಿನ ಸಲ ಸದ್ದು ಅಳೆಯಬೇಡಿ. ಹಾಡಿನ ಮಧ್ಯೆ ಎಷ್ಟು ಜನ ಮುಖ ಸ್ಟೇಜ್ ಕಡೆ ಇಟ್ಟುಕೊಂಡಿದ್ದಾರೆ ಅಂತ ನೋಡಿ.

ಮತ್ತೆ, ಹೆಚ್ಚು ಸಲ ಕಂಡದ್ದು ಹೆಚ್ಚು ಇಷ್ಟವಾಗುತ್ತದೆ ಅನ್ನುವುದಕ್ಕೆ ಹಳೇ ಸಂಶೋಧನೆಯೇ ಇದೆ. ರಾಬರ್ಟ್ ಝಯಾನ್ಸ್ ಅನ್ನುವ ಮನೋವಿಜ್ಞಾನಿ 1968ರಲ್ಲಿ ಪ್ರಕಟಿಸಿದ್ದು. ಅರ್ಥವೇ ಇಲ್ಲದ ಪದಗಳನ್ನು, ಚೀನೀ ಲಿಪಿಯಂಥ ಗುರುತುಗಳನ್ನು ಜನರಿಗೆ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು ತುಂಬಾ ಸಲ. ತುಂಬಾ ಸಲ ಕಂಡ ಗುರುತಿಗೇ ಜನ "ಇದಕ್ಕೆ ಒಳ್ಳೆಯ ಅರ್ಥ ಇರಬೇಕು" ಅಂದರು. ಹಳೇ_ಕ್ಯಾಸೆಟ್ ಅವರು ಹೇಳಿದ ನಾಟಕದ ಮೂರನೇ ವಾರವೂ ಅದೇ ಅಲ್ವಾ? ಹಾಡು ಒಳ್ಳೆಯದೋ ಕೆಟ್ಟದ್ದೋ ಆಮೇಲೆ. ಮೊದಲು ಪರಿಚಯ ಆಗಬೇಕು.

ಹಾಗಾಗಿ ಒಂದು ಕೆಲಸ ಮಾಡಿ. ಫೆಸ್ಟ್‌ಗೆ ಎರಡು ವಾರ ಮುಂಚೆ ನಿಮ್ಮ ಹಾಡಿನ ಪಲ್ಲವಿಯನ್ನಷ್ಟೇ ರೀಲ್ ಮಾಡಿ ಬಿಡಿ. ಕಾಲೇಜಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಲಿ.

ಹಳೇ_ಕ್ಯಾಸೆಟ್ (ದಾವಣಗೆರೆ)

ರೀಲೂ ಬೇಡ, ವಾಟ್ಸಾಪೂ ಬೇಡ. ಭಜನೆಯಲ್ಲಿ ಹೇಗೆ ಮಾಡುತ್ತಾರೆ? ಮುಮ್ಮೇಳದವನು ಒಂದು ಸಾಲು ಹೇಳುತ್ತಾನೆ, ಹಿಮ್ಮೇಳ ಅದನ್ನೇ ಹೇಳುತ್ತದೆ. ಮೊದಲ ಸಲ ಬಂದು ಕೂತವನೂ ಮೂರನೇ ಸುತ್ತಿಗೆ ಹಾಡುತ್ತಿರುತ್ತಾನೆ. ಅವನಿಗೆ ಯಾರೂ ಮೊದಲೇ ರೀಲ್ ಕಳಿಸಿರಲಿಲ್ಲ.

ಷರೀಫರ ಪದಗಳ ವಿಷಯವನ್ನೇ ತೆಗೆದುಕೊಳ್ಳಿ. ಅವರ ಕಾಲ 1819ರಿಂದ 1889. ಆ ಪದಗಳು ಮೊದಲು ಬಾಯಿಂದ ಬಾಯಿಗೆ ಬಂದವು. ಆಮೇಲೆ ಸಿ. ಅಶ್ವಥ್ ಅವರು ಭಾವಗೀತೆಯ ವೇದಿಕೆಗೆ ತಂದು ಮನೆಮನೆಗೆ ಮುಟ್ಟಿಸಿದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ 'ಗುಡುಗುಡಿಯ ಸೇದಿ ನೋಡೋ' ಪದಕ್ಕೆ ಗಿಟಾರು, ಡ್ರಮ್ಮು ಸೇರಿಸಿದರು. ಟ್ಯೂನ್ ಬೇರೆ, ವಾದ್ಯ ಬೇರೆ, ಆದರೂ ಜನ ಕುಣಿದರು. ಏಕೆ? ಮಾತು ಗೊತ್ತಿತ್ತು. ಡಿಲನ್ ಟ್ಯೂನ್ ಬದಲಿಸಿದರೆ ಸಾಲು_ಹತ್ತು ಅವರಿಗೆ ಸಿಟ್ಟು ಬರುತ್ತದೆ, ಇಲ್ಲಿ ಬದಲಿಸಿದರೆ ಅವರೇ ಎದ್ದು ಕುಣಿಯುತ್ತಾರೆ! ನಮ್ಮ ಜನಕ್ಕೆ ಹಾಡು ಅಂದರೆ ಮೊದಲು ಮಾತು. ಮಾತು ಕೈಗೆ ಸಿಕ್ಕರೆ ಉಳಿದದ್ದಕ್ಕೆ ಹೊಂದಿಕೊಳ್ಳುತ್ತಾರೆ.

ಮಂಡಕ್ಕಿ_ಮೆಟಲ್ (ದಾವಣಗೆರೆ)

ಇದಕ್ಕೆ ಕ್ವೀನ್ ಬ್ಯಾಂಡಿನ ಉದಾಹರಣೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

1977ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್ ಹತ್ತಿರ ಬಿಂಗ್ಲಿ ಹಾಲ್‌ನಲ್ಲಿ ಅವರ ಶೋ. ಶೋ ಮುಗಿದ ಮೇಲೆ ಜನರೇ ಒಟ್ಟಾಗಿ ಒಂದು ಫುಟ್‌ಬಾಲ್ ಹಾಡು ಹಾಡತೊಡಗಿದರು. ಗಿಟಾರಿಸ್ಟ್ ಬ್ರಯಾನ್ ಮೇ ಯೋಚನೆ ಮಾಡಿದ: ಇಕ್ಕಟ್ಟಿನಲ್ಲಿ ನಿಂತ ಜನರಿಗೆ ಏನು ಮಾಡಲು ಸಾಧ್ಯ? ಕಾಲು ಬಡಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಆ ಯೋಚನೆಯಿಂದ ಹುಟ್ಟಿದ್ದು 'ವಿ ವಿಲ್ ರಾಕ್ ಯು'. ಧಂ ಧಂ ಚಪ್ಪಾಳೆ. ಮೊದಲ ಸಲ ಕೇಳಿದವನೂ ಐದು ಸೆಕೆಂಡಿನಲ್ಲಿ ಬ್ಯಾಂಡಿನ ಸದಸ್ಯ.

1985ರ ಜುಲೈ 13, ಲೈವ್ ಏಡ್ ಅನ್ನುವ ಸಹಾಯಾರ್ಥ ಶೋ. ಲಂಡನ್ನಿನ ವೆಂಬ್ಲಿಯಲ್ಲಿ ಸುಮಾರು 72 ಸಾವಿರ ಜನ. ಅವರೆಲ್ಲ ಕ್ವೀನ್ ಅಭಿಮಾನಿಗಳಲ್ಲ, ಹತ್ತಾರು ಬ್ಯಾಂಡ್‌ಗಳನ್ನು ನೋಡಲು ಬಂದವರು. ಕ್ವೀನ್‌ಗೆ ಸಿಕ್ಕಿದ್ದು 20 ನಿಮಿಷದ ಆಸುಪಾಸು. 'ಬೊಹೀಮಿಯನ್ ರಾಪ್ಸಡಿ' ಅರ್ಧ ಹಾಡಿ ಬಿಟ್ಟರು. 'ರೇಡಿಯೊ ಗಾ ಗಾ' ಬಂತು, ಅಷ್ಟೂ ಜನ ತಲೆಯ ಮೇಲೆ ಎರಡೆರಡು ಚಪ್ಪಾಳೆ. ಆಮೇಲೆ ಗಾಯಕ ಫ್ರೆಡ್ಡಿ ಮರ್ಕ್ಯುರಿ ಬರೀ "ಏ ಓ" ಅಂತ ಎಳೆದ, ಜನ ವಾಪಸ್ ಎಳೆದರು. ಅದು ಯಾವ ಆಲ್ಬಂನ ಹಾಡೂ ಅಲ್ಲ! ಅಷ್ಟು ಬಿಸಿ ಮಾಡಿದ ಮೇಲೆ 'ಹ್ಯಾಮರ್ ಟು ಫಾಲ್' ನುಡಿಸಿದರು. ಅವರ ದೊಡ್ಡ ಹಿಟ್‌ಗಳ ಪಕ್ಕದಲ್ಲಿ ಅದು ಚಿಕ್ಕ ಹಾಡು. ಯಾರೂ ಕೂರಲಿಲ್ಲ. ಜಾಗ ನೋಡಿ, ಎಲ್ಲಿ ಇಟ್ಟರು ಅಂತ. ಮೊದಲೂ ಅಲ್ಲ, ಕೊನೆಯೂ ಅಲ್ಲ. ಎರಡು ಬಿಸಿ ಹಾಡುಗಳ ನಡುವೆ.

ಪಿಜೆ, ನಿಮ್ಮ ಗಾಯಕ "ದಯವಿಟ್ಟು ಕೇಳಿ" ಅಂದನಲ್ಲ, ಅಲ್ಲೇ ಆಟ ಮುಗಿಯಿತು. ಆ ಮಾತು ಕೇಳಿದ ಜನಕ್ಕೆ "ಈಗ ಐದು ನಿಮಿಷ ಬಿಡುವು" ಅಂತ ಕೇಳಿಸುತ್ತದೆ. ಹೊಸದು ಅಂತ ಹೇಳಲೇಬೇಡಿ. ಹಿಂದಿನ ಹಿಟ್ ಮುಗಿಯುವಾಗ ಡ್ರಮ್ಮರ್ ನಿಲ್ಲಿಸಬಾರದು. ಅದೇ ತಾಳದಲ್ಲಿ ಹೊಸ ಹಾಡಿಗೆ ಜಾರಿ.

ಸೌಂಡ್_ಅಣ್ಣ (ದಾವಣಗೆರೆ)

ಮೆಟಲ್ ಹೇಳಿದ್ದು ಸರಿ. ಅದಕ್ಕೆ ನನ್ನದೊಂದು ಸೇರಿಸಿಕೊಳ್ಳಿ. ಮೊದಲ ಹಾಡಾಗಿ ಯಾವತ್ತೂ ಹೊಸದು ಬೇಡ. ಜನ ತುಂಬಿದ ಮೇಲೆ ಮೈದಾನದ ಸೌಂಡ್ ಬದಲಾಗುತ್ತದೆ. ಸಂಜೆ ಖಾಲಿ ಇದ್ದಾಗ ಇಟ್ಟ ಸೆಟ್ಟಿಂಗ್ ರಾತ್ರಿ ಕೆಲಸ ಮಾಡುವುದಿಲ್ಲ. ಮೊದಲ ಹಾಡು ನುಡಿಯುವಾಗ ನಾನು ಎರಡೂ ಕೈಯಲ್ಲಿ ಸರಿ ಮಾಡುತ್ತಿರುತ್ತೇನೆ. ಆ ಹಾಡು ಹೇಗಿದ್ದರೂ ನನಗೆ ಬಲಿ. ಗೊತ್ತಿರುವ ಹಾಡನ್ನೇ ಬಲಿ ಕೊಡಿ, ಅದು ಬದುಕಿಕೊಳ್ಳುತ್ತದೆ.

ಕೋಟೆ_ಕಡೆಯವ (ಚಿತ್ರದುರ್ಗ)

ಎಲ್ಲರೂ ಹೊಸ ಹಾಡನ್ನು ಹೇಗೆ ಕದ್ದು ಒಳಗೆ ತೂರಿಸುವುದು ಅಂತಲೇ ಹೇಳುತ್ತಿದ್ದೀರಿ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಕುಣಿಸಲಿಕ್ಕೆ ಬರೆದ ಹಾಡಿಗೆ ಈ ಉಪಾಯ ಸರಿ. ನಿಧಾನದ ಹಾಡು, ಕತೆ ಹೇಳುವ ಹಾಡು ಇದ್ದರೆ? ಅದಕ್ಕೂ ಧಂ ಧಂ ಚಪ್ಪಾಳೆ ಹಚ್ಚಿದರೆ ಹಾಡಿನ ಪ್ರಾಣ ಹೋಗುತ್ತದೆ. ಅಂಥದ್ದನ್ನು ಎಲ್ಲ ಕಡೆ ನುಡಿಸಲೇಬೇಡಿ. ಗಣಪತಿ ಸ್ಟೇಜ್‌ಗೆ ಅಲ್ಲ ಅದು. ಐವತ್ತು ಕುರ್ಚಿಯ ಹಾಲ್ ಹಿಡಿಯಿರಿ, ಬರೀ ಸ್ವಂತ ಹಾಡು ಅಂತ ಬೋರ್ಡ್ ಹಾಕಿ. ಮೂವತ್ತು ಜನ ಬಂದರೂ ಆ ಮೂವತ್ತು ಜನ ಬಂದದ್ದು ಅದಕ್ಕೇ.

ಬಾಸ್_ಪಿಜೆ (ದಾವಣಗೆರೆ)

ಸಣ್ಣ ಹಾಲ್ ಯೋಚನೆ ಚೆನ್ನಾಗಿದೆ. ಬಾಡಿಗೆ ಯಾರು ಕೊಡುತ್ತಾರೆ ಅನ್ನುವುದು ಬೇರೆ ಮಾತು.

ಸದ್ಯಕ್ಕೆ ಮುಂದಿನ ಶೋಗೆ ಹೀಗೆ ಅಂದುಕೊಂಡಿದ್ದೇವೆ. ಮೊದಲು ಒಂದು ಸಿನಿಮಾ ಹಾಡು ರಾಕ್ ಮಾಡಿ, ಸೌಂಡ್ ಅಣ್ಣನ ಬಲಿ. ಎರಡನೆಯದು ತತ್ವಪದ. ಡ್ರಮ್ಮು ನಿಲ್ಲದೆ ಅಲ್ಲಿಂದಲೇ ನಮ್ಮ ಹಾಡು. ಪಲ್ಲವಿಯನ್ನು ಗಾಯಕ ಒಬ್ಬನೇ ಎರಡು ಸಲ ಹಾಡುತ್ತಾನೆ, ಗಿಟಾರ್ ಇಲ್ಲ. ಮೂರನೇ ಸಲ ನಾವು ನಾಲ್ವರೂ ಮೈಕ್‌ಗೆ ಬಾಯಿ ಕೊಟ್ಟು ಹಿಮ್ಮೇಳ. ಆಮೇಲೆ ವಾದ್ಯ. ಹೊಸದು ಅಂತ ಹೇಳುವುದಿಲ್ಲ. ಎರಡನೇ ಸ್ವಂತ ಹಾಡು ನಿಧಾನದ್ದು, ಅದನ್ನು ಈ ಸಲ ಕೈ ಬಿಟ್ಟಿದ್ದೇವೆ. ಗಿಟಾರಿನವನು ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ, ಅದು ಅವನು ಬರೆದ ಹಾಡು.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಹಿಟ್. ಜನ "ವನ್ಸ್ ಮೋರ್" ಅಂದರೆ ನುಡಿಸಲು ಅದನ್ನು ಇಟ್ಟುಕೊಂಡಿದ್ದೇವೆ.

ಸಾಲು_ಹತ್ತು (ದಾವಣಗೆರೆ)

ಪಟ್ಟಿ ಪರವಾಗಿಲ್ಲ. ತತ್ವಪದದ ಆಸೆಗೆ ನಾನೂ ಬರುತ್ತೇನೆ. ನಿಮ್ಮ ಹಾಡಿಗೆ ನಿಲ್ಲುತ್ತೇನೋ ಇಲ್ಲವೋ ಅಂತ ಮಾತು ಕೊಡುವುದಿಲ್ಲ. ಪಲ್ಲವಿ ಇಲ್ಲಿ ಹಾಕಿ, ನೋಡೋಣ.

ಸೌಂಡ್_ಅಣ್ಣ (ದಾವಣಗೆರೆ)

ದೊಡ್ಡ ಹಿಟ್ ಕೊನೆಗೆ ಬೇಡ ಪಿಜೆ. ಫೆಸ್ಟ್ ಆರು ಗಂಟೆಗೆ ಅಂತ ಕಾರ್ಡಿನಲ್ಲಿ ಇರುತ್ತದೆ. ಅತಿಥಿಗಳು ಬರುವುದು ಏಳಕ್ಕೆ. ದೀಪ, ಸ್ವಾಗತ, ಭಾಷಣ, ಶಾಲು, ಹಾರ, ಪೇಟ, ಬಹುಮಾನ ವಿತರಣೆ. ನೀವು ಸ್ಟೇಜ್ ಹತ್ತುವಾಗ ಒಂಬತ್ತು ದಾಟಿರುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ವರ್ಷದಲ್ಲಿ ಕೆಲವು ಹಬ್ಬದ ದಿನಗಳಿಗೆ ಸರ್ಕಾರ 12ರವರೆಗೆ ರಿಯಾಯಿತಿ ಕೊಡಬಹುದು, ಕಾಲೇಜು ಫೆಸ್ಟ್‌ಗೆ ಅದನ್ನು ನಂಬಬೇಡಿ. ಹತ್ತಾಯಿತು ಅಂದರೆ ಜೀಪು ಗೇಟಿಗೆ ಬಂದು ನಿಲ್ಲುತ್ತದೆ, ಪ್ರಿನ್ಸಿಪಾಲರು ನನ್ನ ಕಡೆ ಕೈ ಬೀಸುತ್ತಾರೆ, ನಾನು ಮಿಕ್ಸರ್‌ನ ಫೇಡರ್ ಇಳಿಸಿ ಸದ್ದು ನಿಲ್ಲಿಸಲೇಬೇಕು.

ಒಂಬತ್ತೂ ನಲವತ್ತಕ್ಕೆ ಅದನ್ನು ಹೊಡೆದು ಮುಗಿಸಿ. ಟೈಮ್ ಉಳಿದರೆ ಗಿಟಾರಿನವನ ನಿಧಾನದ ಹಾಡು ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಹೋಗುವವರು ಹೋಗಿರುತ್ತಾರೆ. ಅದಕ್ಕೆ ಎರಡು ಮೈಕ್ ಸಾಕು, ಡ್ರಮ್ ಮೈಕ್‌ಗಳನ್ನು ನಾನು ಬಿಚ್ಚಲು ಶುರು ಮಾಡಿರುತ್ತೇನೆ.

ಬಾಸ್_ಪಿಜೆ (ದಾವಣಗೆರೆ)

ಅವನಿಗೆ ಹೇಳಿದೆ. ಒಪ್ಪಿದ. ಆದರೆ ಡ್ರಮ್ ಮೈಕ್ ಬಿಚ್ಚಬೇಡಿ ಅಂತೆ.